ಸಿಹಿಮಣ್ಣಿನ ಬಸಳೆ

ಡಿಸ್ಕವರಿ ಗಾರ್ಡನ್ಸ್, ದುಬೈ
೧೪ ಮಾರ್ಚ್ ೨೦೧೪, ಶುಕ್ರವಾರ

ಸತ್ವಾ ಬಡಾವಣೆಯಲ್ಲಿ ಮಂಚವೊಂದೇ ಬಾಡಿಗೆಗೆ ಸಿಗುವ ಬೆಡ್‌ಸ್ಪೇಸಿನಲ್ಲಿ ಮಲಗಿ ತಮ್ಮ ಸತ್ವಪರೀಕ್ಷೆ ತಾವೇ ನಡೆಸುತ್ತಿರುವ ಯಜಮಾನರಿಗೆ, ಲೋಲಾಕ್ಷಿಯ ನಮಸ್ಕಾರ.

ಹೆಂಡತಿಯ ಫೋನ್ ಎತ್ತುವುದಿಲ್ಲವೆಂದು ಶಪಥ ಮಾಡಿದ್ದೀರಂತೆ. ಆಗಲಿ. ಇಸ್ತ್ರಿಯಾದ ಅಂಗಿಗಳ ನಡುವೆ ಈ ಕಾಗದ ಇಟ್ಟು ಪಕ್ಕದ ಮನೆಯ ಕ್ಯಾಮಿಲಸ್ ಪೊರ್ಬುಗಳ ಕೈಯಲ್ಲಿ ಕಳಿಸುತ್ತಿದ್ದೇನೆ. ತುಳುವಿನಲ್ಲಿ ಬೈದರೆ ನಿಮಗೆ ಉಡುಪಿ ನೆನಪಾಗಿ ಖುಷಿಯಾಗುತ್ತದೆ. ಅದಕ್ಕೇ ಕನ್ನಡದಲ್ಲಿ, ಅಲ್ಪಪ್ರಾಣ ಮಹಾಪ್ರಾಣ ನೋಡಿಕೊಂಡು ಬೈಯುತ್ತೇನೆ.

ಮದುವೆಯ ವಾರ್ಷಿಕೋತ್ಸವಕ್ಕೆ ಬೇರೆ ಗಂಡಂದಿರು ಚಿನ್ನ ತಂದರೆ ನೀವು ಮಣ್ಣು ತಂದಿರಿ. ಉಪ್ಪಿಲ್ಲದ ತೋಟದ ಮಣ್ಣಿಗೆ ಇಲ್ಲಿ ‘ಸ್ವೀಟ್ ಸಾಯಿಲ್’ ಎನ್ನುತ್ತಾರಲ್ಲ, ಅದು. ನೀವು ಕೆಲಸ ಮಾಡುವ, ಜಯಪಾಲಣ್ಣನ ಮಣ್ಣು ಮಾರುವ ಯಾರ್ಡಿನದು. ನಾನು ಚಿನ್ನ ಕಂಡದ್ದಕ್ಕಿಂತ ಹೆಚ್ಚು ಕುಣಿದೆ. ಬಾಲ್ಕನಿಯಲ್ಲಿ ಬಸಳೆ ಚಪ್ಪರ ಎದ್ದಿತು. ನಮ್ಮ ಕಡೆಯವರು ಬಸಳೆಯನ್ನು ಒಬ್ಬರೇ ತಿನ್ನುವುದುಂಟೇ? ಕೆಳಗಿನ ಮನೆಯ ಸುಪ್ರೀತಾಳಿಗೆ ವಾರವಾರವೂ ಸೊಪ್ಪು ಕೊಟ್ಟೆ, ಬಳ್ಳಿ ಕೊಟ್ಟೆ, ಬಳ್ಳಿ ಬೇಗ ಹತ್ತಲಿ ಎಂದು ಬಕೆಟ್ ತುಂಬ ಅದೇ ಮಣ್ಣನ್ನೂ ಕೊಟ್ಟೆ.

ಆಮೇಲೆ ಬಿಸಿಲೇರಿದ ಹಾಗೆ ಕುಂಡದಿಂದ ಗ್ಯಾರೇಜಿನ ವಾಸನೆ. ನೀರು ಹಾಕಿದರೆ ಮೇಲೆ ಕಾಮನಬಿಲ್ಲು. ಪೊರ್ಬುಗಳ ಹೆಂಡತಿ ಅಗಾತಾ ಬಾಯಮ್ಮ ಪರೀಕ್ಷಾಲಯದಲ್ಲಿ ಕೆಲಸ ಮಾಡುವುದರಿಂದ ಒಂದು ಹಿಡಿ ಕೊಟ್ಟು ಕಳಿಸಿದೆ. ಎಂಜಿನ್ ಎಣ್ಣೆ ಮತ್ತು ಬೇಕಾದಷ್ಟು ಸೀಸ ಎಂದು ಉತ್ತರ ಬಂತು. ನಿಮ್ಮನ್ನು ಕೂರಿಸಿ ಕೇಳಿದಾಗ ನಿಜ ಹೊರಬಿತ್ತು: ಕುವೈತ್ ಯುದ್ಧದ ಕಾಲದಲ್ಲಿ ಯಾರ್ಡಿನ ಜಾಗದಲ್ಲಿ ಸೈನ್ಯದವರು ಟ್ಯಾಂಕು, ಲಾರಿ ರಿಪೇರಿ ಮಾಡಿ ಹಳೆ ಬ್ಯಾಟರಿ, ಎಣ್ಣೆ ಎಲ್ಲ ಹೊಂಡಕ್ಕೆ ಸುರಿಯುತ್ತಿದ್ದರಂತೆ. ಆ ಹೊಂಡವನ್ನೇ ಅಗೆದು, ಗೊಬ್ಬರ ಬೆರೆಸಿ, ಜಯಪಾಲಣ್ಣ ಸಿಹಿ ಎಂದು ಮಾರುತ್ತಾನೆ.

“ಅದೆಲ್ಲ ಆಗಿ ಇಪ್ಪತ್ತು ವರ್ಷ ದಾಟಿತು ಲೋಲು, ಯುದ್ಧ ಖಲಾಸ್” ಎಂದಿರಿ. ಯುದ್ಧ ಖಲಾಸ್, ಸೀಸ ಮಾಫಿ ಖಲಾಸ್, ಅದು ಮುಗಿಯುವುದಿಲ್ಲ ಎಂದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು ಸ್ವಾಮಿ ನಾನು. ಸೈನಿಕರು ಊರಿಗೆ ಮರಳುತ್ತಾರೆ, ಸೀಸ ಇಲ್ಲೇ ಮನೆ ಮಾಡುತ್ತದೆ, ಬಾಡಿಗೆಯಿಲ್ಲ, ವೀಸಾವಿಲ್ಲ. ನಮ್ಮ ಮದುವೆಗಿಂತ ಹಳೆಯದು. ಈಗಿನ ಸ್ಥಿತಿ ನೋಡಿದರೆ ಮದುವೆಗಿಂತ ಗಟ್ಟಿ.

ಬರುವ ಬುಧವಾರ ಒಂದು ಲಾರಿ ಮಣ್ಣು ಮಕ್ಕಳ ಶಾಲೆಯ ತೋಟಕ್ಕೆ ಹೋಗಲಿದೆ, ಕಳಿಸುವವರು ನೀವೇ ಎಂದೂ ಹೇಳಿದಿರಿ. ತಡೆಯಿರಿ ಎಂದೆ. ಬಾಯಿ ಮುಚ್ಚು ಎಂದಿರಿ. ಚೀಲ ಹೊತ್ತು ಸತ್ವಾಕ್ಕೆ ನಡೆದಿರಿ. ನಿಮ್ಮ ಹೆದರಿಕೆ ನನಗೆ ಅರ್ಥವಾಗದ್ದಲ್ಲ. ನನ್ನ ವೀಸಾ ನಿಮ್ಮ ಮೇಲೆ, ನಿಮ್ಮದು ಜಯಪಾಲಣ್ಣನ ಮೇಲೆ, ಜಯಪಾಲಣ್ಣ ಸೀಸದ ಮೇಲೆ! ಯಾರ್ಡಿಗೆ ಬೀಗ ಬಿದ್ದರೆ ನಾವಿಬ್ಬರೂ ವಿಮಾನದೊಳಗೆ.

ಮೊನ್ನೆ ಸುಪ್ರೀತಾಳ ಮನೆಗೆ ಹೋಗಿ ಕೊಟ್ಟ ಬಸಳೆಯನ್ನು ವಾಪಸ್ ಕೇಳಿದೆ. ಬಾಣಂತನಕ್ಕೆಂದು ಬಂದಿರುವ ಅವಳ ಅಮ್ಮ, “ಕೊಟ್ಟದ್ದನ್ನು ಕೇಳುವವರು ಮುಂದಿನ ಜನ್ಮದಲ್ಲಿ ನಾಯಿ ಆಗ್ತಾರಂತೆ” ಎಂದರು. ಆಗಲಿ ಅಮ್ಮ, ಬೊಗಳಲಿಕ್ಕಾದರೂ ಆಗ್ತದೆ ಎಂದೆ. ವಿಷಯ ಬಿಡಿಸಿ ಹೇಳಿದ ಮೇಲೆ ಸುಪ್ರೀತಾ ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಅಕ್ಕಾ, ತಿಂದದ್ದು ಏನಾಗ್ತದೆ?” ಎಂದಳು.

ಅದಕ್ಕೆ ನನ್ನಲ್ಲಿ ಶ್ಲೇಷೆ ಇರಲಿಲ್ಲ. ರಕ್ತಪರೀಕ್ಷೆಗೆ ಅಗಾತಾ ಬಾಯಮ್ಮ ಕರೆದುಕೊಂಡು ಹೋಗಿದ್ದಾರೆ. ಉತ್ತರ ಬಂದಿಲ್ಲ.

ಭಾನುವಾರ ಮುನ್ಸಿಪಾಲಿಟಿಗೆ ಹೋಗುತ್ತೇನೆ. ತಡೆಯಲು ಬರುವುದಾದರೆ ಬನ್ನಿ, ಚಹಾ ಮಾಡಿಕೊಟ್ಟು ಹೊರಡುತ್ತೇನೆ. ಊರಿಗೆ ಅಟ್ಟಿದರೆ ಅಟ್ಟಲಿ. ಯಾವ ಯುದ್ಧವನ್ನೂ ಹೂಡದ ಮಕ್ಕಳು ಯಾಕೆ ಅದರ ಎಂಜಲು ತಿನ್ನಬೇಕು?

ನಿಮ್ಮವಳೇ ಆದರೂ ನಿಮ್ಮ ಮಾತು ಕೇಳದ,
ಲೋಲಾಕ್ಷಿ

ಮರೆತ ಮಾತು (ಭಾನುವಾರ ಸಂಜೆ): ಪೊರ್ಬುಗಳಿಗೆ ಜ್ವರ ಬಂದು ಕಾಗದ ಇಲ್ಲೇ ಉಳಿಯಿತು; ಈಗ ಎದ್ದಿದ್ದಾರೆ, ಈ ರಾತ್ರಿಯೇ ತಲುಪಿಸುತ್ತಾರೆ. ನಾನು ಹೋಗಿ ಬಂದೆ. ಗುರುವಾರವೇ ಒಬ್ಬ ಗಂಡಸು ಮುನ್ಸಿಪಾಲಿಟಿಗೆ ಫೋನ್ ಮಾಡಿ ಹೊಂಡ ಎಲ್ಲಿ, ಲಾರಿ ಯಾವುದು ಎಂದೆಲ್ಲ ಹಿಂದಿಯಲ್ಲಿ ಹೇಳಿದನಂತೆ. ಹೆಸರು ಕೇಳಿದಾಗ “ನಾಮ್ ಮತ್ ಪೂಛೋ ಮಾರಾಯ್ರೇ” ಎಂದು ಇಟ್ಟುಬಿಟ್ಟನಂತೆ. ಮಾರಾಯ್ರೇ ಯಾವ ದೇಶದ ಮಾತು ಎಂದು ಅಧಿಕಾರಿ ನನ್ನನ್ನು ಕೇಳಿದರು. ಅರ್ಧ ಧೈರ್ಯದವರ ದೇಶದ್ದು ಎಂದೆ. ಹೆಸರಿಲ್ಲದ ದೂರು ಮೂಲೆ ಸೇರಿತ್ತು. ನನ್ನ ಹೆಸರು ಕೊಟ್ಟೆ. ಆದರೆ ಹೊಂಡ ಕಣ್ಣಾರೆ ಕಂಡವರು ಬೇಕಂತೆ. ನಾಳೆ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ನಿಂತಿರುತ್ತೇನೆ. ನೀವು ಬಾರದಿದ್ದರೆ ಆ ದನಿ ಯಾರದೆಂದು ನಾನೇ ಹೇಳಿಬಿಡುತ್ತೇನೆ. ಇಷ್ಟು ವರ್ಷಗಳಲ್ಲಿ ನಿಮ್ಮ ಬಗ್ಗೆ ನಾಲ್ಕು ಜನರ ಎದುರು ಜಂಬದಿಂದ ಹೇಳಿಕೊಳ್ಳಲು ಸಿಕ್ಕಿದ ಮೊದಲ ವಿಷಯ, ಬಿಡುತ್ತೇನೆಯೇ?