ನಾಲ್ಕು ಗಂಟೆಯ ಕರೆ

ಮನೆ, ಮೆಟ್ಟಿಲ ಕೆಳಗಿನ ಕೋಣೆ
ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟ ನೋವು ಕಡಿಮೆಯಾಯಿತೇ? ಲಿಫ್ಟಿನ ಗುಂಡಿಗೆ ಇಳಿದು ಬಗ್ಗಿ ಕೂರುವ ಕೆಲಸವನ್ನು ಇನ್ನಾದರೂ ಕಿರಿಯರಿಗೆ ಬಿಡು. ನಿನಗೂ ನಲವತ್ತೆರಡಾಯಿತು. ಅಪ್ಪನಿಗೆ ಮಾತ್ರ ನೀನು ಕೊನೆಯವರೆಗೂ ಹಾಲುಹಲ್ಲಿನ ಮೊಂಡ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ, ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ, ಅಳು ಬರುವುದಿಲ್ಲ. ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಆಯಾ ಮೊನ್ನೆ ಬಂದಿದ್ದಳು. "ಒಂದ್ಸಲ ಅತ್ತುಬಿಡಿ ಮೇಡಂ, ಹಗುರ ಆಗತ್ತೆ" ಅಂದಳು. ಆಗಲಿ ಅಂದೆ, ಒಣಗಿದ ಬಟ್ಟೆ ಮಡಚಿಟ್ಟೆ.

ಅಪ್ಪ ಹೋಗಿ ಮೂರು ವಾರ. ಮರುವಾರವೇ ನಾನು ಆಸ್ಪತ್ರೆಯ ಕೆಲಸಕ್ಕೆ ಹೋದೆ. ಹೊರಗಿನಿಂದ ಅಲ್ಲಿನ ಕಂಪ್ಯೂಟರುಗಳಿಗೆ ಬರುವುದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಫೈರ್‌ವಾಲಿಗೆ ನಿಯಮ ಬರೆಯುವುದನ್ನು ನೀನು ವಾಚ್‌ಮನ್ ಕೆಲಸ ಎಂದು ಆಡಿಕೊಳ್ಳುತ್ತಿದ್ದೆಯಲ್ಲ, ಅದೇ ಕೆಲಸ. ಹೊಸದಾಗಿ ಸೇರಿದವಳೊಬ್ಬಳು ಅವಸರದಲ್ಲಿ ಒಂದು ನಿಯಮ ಬರೆದು, ಎಕ್ಸ್‌ರೇ ವಿಭಾಗದ ಜೊತೆಗೆ ತನ್ನನ್ನೂ ಹೊರಗೆ ಹಾಕಿಕೊಂಡಳು. ಹತ್ತು ನಿಮಿಷಕ್ಕೆ ಎಲ್ಲ ತಾನಾಗಿ ಸರಿಹೋಯಿತು. ಏಕೆಂದರೆ ನಿಯಮ ಬದಲಿಸುವ ಮೊದಲು ನಾವೊಂದು ಗಡುವು ಇಟ್ಟಿರುತ್ತೇವೆ. ಅಷ್ಟರಲ್ಲಿ 'ಇರಲಿ' ಎಂದು ನಾವು ಹೇಳದಿದ್ದರೆ ಹಳೆಯ ನಿಯಮ ತಾನೇ ವಾಪಸು ಬರುತ್ತದೆ. ಗಡುವಿಡದೆ ಏನನ್ನೂ ಮುಚ್ಚಬೇಡ ಎಂದು ಅವಳಿಗೆ ಮೂರು ಸಲ ಹೇಳಿದೆ. ಬೇರೆ ಯಾರೋ ಹೇಳುತ್ತಿದ್ದಂತೆ ಕೇಳಿಸಿತು.

ಈಗ ಮನೆಯ ಸುದ್ದಿ. ಈ ಕೋಣೆಯ ಹಳೆಯ ಕಂಪ್ಯೂಟರ್ ಗೊತ್ತಲ್ಲ, ನಿನ್ನ ನಾಲ್ಕು ಗಂಟೆಯ ವೀಡಿಯೊ ಕರೆ ಅದನ್ನು ದಾಟಿಯೇ ಅಪ್ಪನ ಕೋಣೆಯ ಪರದೆಗೆ ಹೋಗುತ್ತಿತ್ತು. ಅದಕ್ಕೂ ಫೈರ್‌ವಾಲ್ ಹಾಕಿದವಳು ನಾನೇ. ನವೆಂಬರಿನ ಆ ಭಾನುವಾರ ನೀನು ಪರದೆಯಲ್ಲಿ, ಅಪ್ಪನ ಎದುರಿಗೇ, "ಅಪ್ಪನಿಗಿಂತ ನಿನಗೆ ಆ ಕಂಪ್ಯೂಟರ್ ಡಬ್ಬಗಳೇ ಹೆಚ್ಚು" ಅಂದೆ. ಅಪ್ಪನ ಬೆನ್ನಿಗೆ ಮುಲಾಮು ಹಚ್ಚಿ ಆಗಷ್ಟೇ ಕೈ ತೊಳೆದು ಬಂದಿದ್ದೆ. ಮೈ ಉರಿದುಹೋಯಿತು. ಕೆಳಗೆ ಬಂದು ಅದರ ನಿಯಮಗಳಿಗೆ ಒಂದು ಸಾಲು ಸೇರಿಸಿ ಬರೆದೆ. ತಡೆಯುವುದರಲ್ಲಿ ಎರಡು ಬಗೆ ಇದೆ. ಬರಬೇಡ ಎಂದು ತಿರುಗಿ ಹೇಳಿ ಕಳಿಸುವುದು ಒಂದು, ಏನೂ ಹೇಳದೆ ಬಿಸಾಕುವುದು ಇನ್ನೊಂದು. ಎರಡನೆಯದರಲ್ಲಿ ಕರೆದವರಿಗೆ ಏನೂ ತಿಳಿಯುವುದಿಲ್ಲ, ಸುಮ್ಮನೆ ಕಾಯುತ್ತಿರುತ್ತಾರೆ. ನಿನಗೆ ಎರಡನೆಯದನ್ನು ಹಾಕಿದೆ.

ಆ ಸಾಲನ್ನು ಉಳಿಸಿಡಲಿಲ್ಲ. ಉಳಿಸದ ನಿಯಮ, ಯಂತ್ರ ಒಮ್ಮೆ ಆರಿ ಹತ್ತಿದರೆ ಅಳಿಸಿಹೋಗುತ್ತದೆ. ನಮ್ಮ ಬೀದಿಯಲ್ಲಿ ಎರಡು ದಿನಕ್ಕೊಮ್ಮೆ ಕರೆಂಟು ಹೋಗುತ್ತದೆ, ನನ್ನ ಕೋಪವೂ ಅಷ್ಟರಲ್ಲಿ ಇಳಿದಿರುತ್ತದೆ ಎಂದುಕೊಂಡಿದ್ದೆ. ಆದರೆ ಅಪ್ಪನ ಜೊತೆಗಿನ ಮಾತು ನಡುವೆ ತುಂಡಾಗಬಾರದೆಂದು ಅದಕ್ಕೆ ಬ್ಯಾಟರಿ ಕೂರಿಸಿದವನು ನೀನೇ. ಲಿಫ್ಟಿನವನ ಕೈಕೆಲಸ, ಕೇಳಬೇಕೆ. ಒಮ್ಮೆಯೂ ಆರಲಿಲ್ಲ. ನಾನು ಆಸ್ಪತ್ರೆಯ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ನಿನ್ನ ಫೋನನ್ನಂತೂ ಎತ್ತುತ್ತಲೇ ಇರಲಿಲ್ಲ.

ಅಪ್ಪ ದಿನವೂ ನಾಲ್ಕು ಗಂಟೆಗೆ ಕುರ್ಚಿಯನ್ನು ಪರದೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರಂತೆ. ನಾನು ಮನೆಗೆ ಬಂದರೆ "ಇವತ್ತೂ ಮೊಂಡ ಬರ್ಲಿಲ್ಲ" ಅನ್ನುತ್ತಿದ್ದರು. ಅವನಿಗೆ ಕೆಲಸ ಇರುತ್ತೆ ಅಪ್ಪಾ ಅನ್ನುತ್ತಿದ್ದೆ. "ಇರ್ಲಿ, ನಾಳೆ ನೋಡೋಣ" ಅನ್ನುತ್ತಿದ್ದರು. ಅವರನ್ನು ಕಳಿಸಿಕೊಟ್ಟು ಬಂದ ಸಂಜೆ ನೀನು ಗೇಟಿನ ಹತ್ತಿರ ನಿಂತು, "ನನ್ನ ಮುಖ ನೋಡಲ್ಲ ಅಂತ ಅಪ್ಪಾನೇ ಪರದೆ ಆರಿಸ್ಬಿಟ್ರು, ಅಲ್ವಾ ಅಕ್ಕಾ" ಎಂದು ಕೇಳಿದೆ. ಲೈನು ಸರಿಯಿರಲಿಲ್ಲ ಕಣೋ ಎಂದೆ. ನೀನು ನಂಬಲಿಲ್ಲ, ತಲೆ ಆಡಿಸಿ ಹೊರಟೆ. ಅಪ್ಪ ಪರದೆ ಆರಿಸಲಿಲ್ಲ, ತಮ್ಮಾ. ಮುಚ್ಚಿದವಳು ನಾನು.

ಯಂತ್ರ ಏನೇನು ಬಿಸಾಕಿತು, ಯಾವ ದಿನ, ಯಾವ ಹೊತ್ತಿಗೆ ಎಂಬುದರ ದಾಖಲೆ ಅದರೊಳಗೇ ಇರುತ್ತದೆ. ನಿನ್ನೆ ತೆಗೆದು ಓದಿದೆ. ತೊಂಬತ್ತಮೂರು ದಿನ, ಒಂದು ದಿನವೂ ತಪ್ಪದೆ, ನಾಲ್ಕು ಗಂಟೆಗೆ ನಿನ್ನ ಕರೆ. ಅಪ್ಪನ ಕೊನೆಯ ದಿನವೂ ಇದೆ. ಆ ದಾಖಲೆಯನ್ನು ಅಚ್ಚು ಹಾಕಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಆಗಲೂ ಅಳು ಬರಲಿಲ್ಲ. ಪುಟಗಳನ್ನು ಜೋಡಿಸಿ ಪಿನ್ ಹೊಡೆದೆ.

ಮಕ್ಕಳ ತಲೆಯನ್ನು ನನ್ನ ಪರವಾಗಿ ಒಮ್ಮೆ ಸವರು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ಮತ್ತೆ: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮರೆತೆ ಎಂದು ಮೇಲೆ ಬರೆದದ್ದು ಸುಳ್ಳು. ಐದನೆಯ ದಿನ ಅಪ್ಪ ಕೇಳಿದಾಗಲೇ ನೆನಪಾಯಿತು. ಕೆಳಗೆ ಬಂದು ಆ ಸಾಲಿನ ಎದುರು ಕೂತೆ. ಅಪ್ಪನನ್ನು ನೋಡಬೇಕಾದರೆ ಬಸ್ಸು ಹತ್ತಿ ಬರಲಿ, ಒಂದು ದಿನವಾದರೂ ಮುಲಾಮು ಹಚ್ಚಲಿ ಎಂದುಕೊಂಡು ಎದ್ದು ಹೋದೆ. ಆಮೇಲೂ ಎಷ್ಟೋ ಸಲ ಹಾಗೇ ಬಂದು ಹಾಗೇ ಎದ್ದು ಹೋದೆ. ನಿನ್ನೆ ಆ ಸಾಲು ತೆಗೆದಿದ್ದೇನೆ. ಒಂದು ವಾರ ರಜೆ ಹಾಕಿದ್ದೇನೆ. ಅಪ್ಪನ ಕುರ್ಚಿ ಇನ್ನೂ ಪರದೆಯ ಕಡೆಗೇ ತಿರುಗಿದೆ, ನಾಲ್ಕು ಗಂಟೆಗೆ ನಾನು ಅದರಲ್ಲಿ ಕೂತಿರುತ್ತೇನೆ. ಬಯ್ಯುವುದಕ್ಕಾದರೂ ಕರೆ ಮಾಡು.