ಸಿಳ್ಳೆ ಹಾಕುವ ಫ್ಲ್ಯಾಶ್‌ಲೈಟು

ಅಪ್ಪಾ,

ನೀನಂತೂ ತೀರಿಕೊಂಡೆ, ಇದನ್ನು ಓದುವವರಿಲ್ಲ. ಆದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನಿನ್ನ ಸ್ಟುಡಿಯೋದ ಫ್ಲ್ಯಾಶಿಗೆ ಹೊಸ ಪವರ್ ಸರ್ಕ್ಯೂಟ್ ಹಾಕಿದೆ. ಗಾಬರಿಯಾಗಬೇಡ, ನೀನು ಕಲಿಸಿದಂತೆ ಮೊದಲು ಕೆಪಾಸಿಟರಿಗೆ ಬಲ್ಬು ಹಿಡಿದು, ಒಳಗೆ ಉಳಿದಿದ್ದ ಕರೆಂಟನ್ನೆಲ್ಲ ಖಾಲಿ ಮಾಡಿದೆ. ಹೊಸದು ಕಣ್ಣು ಮಿಟುಕಿಸುವಷ್ಟರಲ್ಲಿ ಚಾರ್ಜಾಗುತ್ತದೆ, ಚಕಾರ ಎತ್ತುವುದಿಲ್ಲ. ನಿನ್ನದೋ ಪ್ರತಿ ಫೋಟೋ ಆದಮೇಲೂ ಕುಂಯ್ ಎಂದು ಸಿಳ್ಳೆ ಹಾಕುತ್ತ, ದನಿ ಏರಿಸುತ್ತ, ಆಮೆಯ ಹಾಗೆ ತುಂಬಿಕೊಳ್ಳುತ್ತಿತ್ತು. "ಬಿಸಾಕಪ್ಪ ಇದನ್ನ" ಎಂದು ಎಷ್ಟು ಸಲ ಹೇಳಿದ್ದೆನೋ!

ಇವತ್ತು ಪಕ್ಕದ ಬೀದಿಯ ದರ್ಜಿ ಸಂಸಾರ ಸಮೇತ ಬಂದ. ಎಷ್ಟು ಫೋಟೋ ತೆಗೆದರೂ ಎಲ್ಲರದೂ ಹರಳೆಣ್ಣೆ ಕುಡಿದ ಮುಖ. ಕೊನೆಗೆ ಅವನೇ ಕೇಳಿದ: "ಆ ಸಿಳ್ಳೆ ಎಲ್ಲಮ್ಮಾ? ನಿಮ್ಮಪ್ಪ ಅದರ ಜೊತೆ ಪೈಪೋಟಿಗೆ ಬಿದ್ದು ಸಿಳ್ಳೆ ಹಾಕಿ, ಉಸಿರು ಸಾಲ್ದೆ ಸೋತುಹೋಗ್ತಿದ್ರಲ್ಲ. ನಾವು ನಗ್ತಿದ್ದಿದ್ದೇ ಅದಕ್ಕೆ!"

ಅವರನ್ನು ಟೀ ಕುಡಿಯಲು ಕಳಿಸಿ, ಹಳೇ ಸರ್ಕ್ಯೂಟನ್ನೇ ಮತ್ತೆ ಕೂರಿಸಿದೆ. ಅವರು ಬಂದು ಕೂತರು, ಸ್ವಿಚ್ ಹಾಕಿದ್ದೇ ತಡ, ಕುಂಯ್! ನಾನೂ ಸಿಳ್ಳೆ ಹಾಕಹೋದೆ, ಬರೀ ಗಾಳಿ ಬಂತು. ದರ್ಜಿಯ ಹೆಂಡತಿ ಬಿದ್ದು ಬಿದ್ದು ನಕ್ಕಳು. ಚಾರ್ಜ್ ತುಂಬಿ ಹಸಿರು ದೀಪ ಹತ್ತಿತು, ಬಟನ್ ಒತ್ತಿದೆ. ಫೋಟೋ ಅಂದರೆ ಅದು ಫೋಟೋ!

ಫ್ಲ್ಯಾಶು ಮತ್ತೆ ಸಿಳ್ಳೆ ಶುರುಮಾಡಿತು. ಸ್ಟುಡಿಯೋ ಹಿಂದಿನ ನಮ್ಮ ಅಡುಗೆಮನೆಯಿಂದ ಅಮ್ಮ ಕೂಗಿದಳು: "ಏನ್ರೀ, ಅದೊಂದು ಮುಗಿಸಿ ಊಟಕ್ಕೆ ಬನ್ನಿ, ಆರಿಹೋಗ್ತಿದೆ."

ದರ್ಜಿ ನನ್ನ ಮುಖ ನೋಡಿದ. ಹಸಿರು ದೀಪ ಹತ್ತಿ ಸಿಳ್ಳೆ ನಿಂತಿತು. ನಾನು ಇನ್ನೊಂದು ಸಲ ಬಟನ್ ಒತ್ತಿದೆ.