ಕಿವಿ ಚುಚ್ಚುವ ಮೊದಲು

ಹೊಳಲ್ಕೆರೆ
ಬುಧವಾರ, 12 ನವೆಂಬರ್ 2025

ಬಿಂದು,

ಚೆನ್ನಾಗಿದ್ದೀಯಾ ಎಂದು ಕೇಳುತ್ತ ಸುತ್ತಿ ಬಳಸುವುದಿಲ್ಲ. ಮೊದಲು ಕೆಲಸದ ಮಾತು. ಬರುವ ಕಾರ್ತಿಕ ಸೋಮವಾರ ಪಲ್ಲವಿಗೆ ಕಿವಿ ಚುಚ್ಚಿಸಬೇಡ. ಅಕ್ಕಸಾಲಿಗನಿಗೆ ಹೇಳಿಯಾಗಿದೆ, ನೆಂಟರನ್ನು ಕರೆದಾಗಿದೆ ಎಂದು ನಿಮ್ಮಪ್ಪ ಪಂಚಾಕ್ಷರಪ್ಪನವರು ನಮ್ಮವ್ವನಿಗೆ ಫೋನು ಮಾಡಿದ್ದರು. ಕರೆದವರು ಬಂದು ಉಂಡು ಹೋಗಲಿ. ಸೂಜಿ ಮಾತ್ರ ಮಗುವಿನ ಕಿವಿಯ ಹತ್ತಿರ ಬರಕೂಡದು. ಹರಿದು ಹಾಕುವುದಿದ್ದರೂ ಇಷ್ಟನ್ನು ಓದಿ ಹರಿ.

ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಬಾಯಿ ಬಿಟ್ಟರೆ ಮಾತು ತಿರುಗಿಸುವ ಚಾಳಿ ನನ್ನದು. ಎಂಟು ವರ್ಷದ ಸಂಸಾರದಲ್ಲಿ ಮೊಣಕಾಲು ಊದಿಕೊಂಡಾಗಲೆಲ್ಲ ಸೈಕಲ್ಲಿನಿಂದ ಬಿದ್ದೆ ಎಂದವನು ನಾನು. ಅದು ಹಿಮೋಫಿಲಿಯಾ, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ, ಹುಟ್ಟಿನಿಂದ ಬಂದದ್ದು ಎಂದು ನಿನಗೆ ತಿಳಿದದ್ದು ನನ್ನಿಂದಲ್ಲ, ಅಂಗಿಗುಂಡಿಗಳ ಡಬ್ಬಿಯಲ್ಲಿ ಸಿಕ್ಕ ಇಂಜೆಕ್ಷನ್ ಕಾರ್ಡಿನಿಂದ. ಕಾಯಿಲೆಗೆ ಹೆದರಿ ಹೋಗ್ತಿಲ್ಲ, ಮುಚ್ಚಿಟ್ಟೆಯಲ್ಲ ಅದಕ್ಕೆ ಹೋಗ್ತಿದೀನಿ ಎಂದು ಹೇಳಿ ನೀನು ಪಲ್ಲವಿಯನ್ನು ಕರೆದುಕೊಂಡು ತವರಿಗೆ, ಹಿರಿಯೂರಿನ ಬಸ್ಸು ಹತ್ತಿದೆ. ನೀನು ಹೇಳಿದ್ದು ನ್ಯಾಯವೇ ಆಗಿತ್ತು. ಆದರೂ ಒಂದು ವರ್ಷ ನಿನ್ನ ಮೇಲೆ ಸಿಟ್ಟು ಮಾಡಿಕೊಂಡೇ ಇದ್ದೆ.

ನೀನು ಹೋದ ಮೇಲೆ ದುರ್ಗದ ದೊಡ್ಡಾಸ್ಪತ್ರೆಯಲ್ಲಿ ನನಗೊಂದು ವಿಚಿತ್ರ ಕೆಲಸ ಸಿಕ್ಕಿದೆ. ತಿಂಗಳಿಗೊಂದು ದಿನ ಟೈಲರ್ ಅಂಗಡಿಗೆ ಬೀಗ ಹಾಕಿ ಹೋಗುತ್ತೇನೆ. ಅಲ್ಲಿ ಡಾಕ್ಟರಿಕೆ ಓದುವವರು, ನರ್ಸಿಂಗ್‌ನವರು, ಲ್ಯಾಬಿನವರು, ಔಷಧಿಯವರು, ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವರು, ಒಬ್ಬೊಬ್ಬರಂತೆ ಐದು ಜನ ಒಂದೇ ಮೇಜಿಗೆ ಕೂರುತ್ತಾರೆ. ಆರನೆಯ ಕುರ್ಚಿ ನನ್ನದು. ಬದುಕಿರುವ ತನಕ ಜೊತೆಗಿರುವ ರಕ್ತದ ಕಾಯಿಲೆಯನ್ನು ಒಬ್ಬರೇ ನೋಡಿಕೊಳ್ಳಲಾಗದು, ಕೂಡಿ ನೋಡುವುದನ್ನು ಓದುವಾಗಲೇ ಕಲಿಯಲಿ ಎಂದು ಈ ಏರ್ಪಾಟು. ಅವರು ಕೇಳುತ್ತಾರೆ, ನಾನು ಹೇಳುತ್ತೇನೆ, ಕೊನೆಗೆ ಐವರೂ ಸೇರಿ ನನಗೊಂದು ಯೋಜನೆ ಬರೆಯುತ್ತಾರೆ. ಮೊದಲ ದಿನ ಒಬ್ಬ ಭಾವಿ ಡಾಕ್ಟರು ನನ್ನ ಮೊಣಕಾಲನ್ನೇ ನೋಡುತ್ತ ನಮಸ್ಕಾರ ಎಂದ. ಮಖ ಮ್ಯಾಲೈತೆ ನೋಡಪ್ಪ ಎಂದೆ. ಪಾಪ, ಆಮೇಲೆ ಇಡೀ ದಿನ ನನ್ನ ಮುಖವನ್ನೇ ನೋಡಿದ.

ಹೀಗೆ ಆರು ತಂಡ ಬಂದು ಹೋದವು. ಕಾಲಿಗೆ ಯಾವ ವ್ಯಾಯಾಮ, ಔಷಧಿ ಎಲ್ಲಿಡಬೇಕು, ತುಳಿಯುವ ಮಿಷನ್ನಿಗೆ ಮೋಟಾರು ಹಾಕಿಸಬೇಕು, ಎಲ್ಲ ಬರೆದರು. ಮೋಟಾರು ಹಾಕಿಸಿದ್ದೇನೆ. ಮೊನ್ನೆ ಸೋಮವಾರ ಏಳನೆಯ ತಂಡ. ನಾನು ಪಲ್ಲವಿಯ ಜರಿ ಲಂಗವನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಹೊಲಿಯುತ್ತಲೇ ಉತ್ತರ ಕೊಡುತ್ತಿದ್ದೆ. ಯೋಜನೆ ಬರೆದು ಮುಗಿದು ಎಲ್ಲರೂ ಪೆನ್ನು ಮುಚ್ಚುವಾಗ ಮಾಡದಕೆರೆಯ ಸ್ವಾತಿ ಎಂಬ ನರ್ಸಿಂಗ್ ಹುಡುಗಿ, ಮನೇಲಿ ಯಾರ್ಯಾರು ಅದಾರಣ್ಣ, ಮಕ್ಕಳು ಅವೆಯಾ ಎಂದು ಕೇಳಿದಳು. ಇಲ್ಲ ಎಂದೆ. ಹೌದು ಬಿಂದು, ಮಕ್ಕಳಿಲ್ಲ ಎಂದೆ. ಅವಳು ನನ್ನ ತೊಡೆಯ ಮೇಲೆ ನೋಡಿ, ಹಂಗಾರೆ ಈ ಲಂಗ ಯಾರದಣ್ಣ ಎಂದಳು. ಗಿರಾಕಿಯದು ಎನ್ನಬಹುದಿತ್ತು. ಕೈಯಲ್ಲಿ ಅದೇ ಬಟ್ಟೆ ಹಿಡಿದುಕೊಂಡು ಎನ್ನಲಾಗಲಿಲ್ಲ. ನನ್ನ ಮಗಳದು, ಮುಂದಿನ ಸೋಮವಾರ ಕಿವಿ ಚುಚ್ಚುಸ್ತಾರೆ ಎಂದೆ.

ಮುಚ್ಚಿದ ಪೆನ್ನುಗಳು ಮತ್ತೆ ತೆರೆದವು. ಪಾಠ ಮಾಡುವ ಮೇಡಂ ಹಳೆಯ ಆರು ಯೋಜನೆಗಳನ್ನೂ ತರಿಸಿ ಮೇಜಿನ ಮೇಲೆ ಹರಡಿದರು. ಒಂದರಲ್ಲೂ ಪಲ್ಲವಿಯ ಹೆಸರಿರಲಿಲ್ಲ. ಮನೆಯವರ ವಿಚಾರ ನರ್ಸಿಂಗ್‌ನವರು ಕೇಳಿರುತ್ತಾರೆ ಎಂದು ಡಾಕ್ಟರು, ಡಾಕ್ಟರು ಬರೆದುಕೊಟ್ಟಿರುತ್ತಾರೆ ಎಂದು ಲ್ಯಾಬಿನವರು, ಹೀಗೆ ಒಬ್ಬರ ಮೇಲೊಬ್ಬರು ಬಿಟ್ಟಿದ್ದರು. ನಾನು ಅವರನ್ನು ಬೈಯುವ ಹಾಗಿಲ್ಲ. ಏಳೂ ಸಲ ಆ ಮೇಜಿಗೆ ಕೂತವನು ನಾನೊಬ್ಬನೇ.

ಮೇಡಂ ಬಿಡಿಸಿ ಹೇಳಿದರು. ಈ ಕಾಯಿಲೆ ಇರುವ ಗಂಡಸಿನ ಪ್ರತಿ ಮಗಳೂ ಇದನ್ನು ರಕ್ತದಲ್ಲಿ ಹೊತ್ತೇ ಹುಟ್ಟುತ್ತಾಳೆ. ಬಹಳ ಜನಕ್ಕೆ ತೊಂದರೆ ಆಗುವುದಿಲ್ಲ. ಕೆಲವರಿಗೆ ಮಾತ್ರ ಹೆಪ್ಪುಗಟ್ಟುವ ಶಕ್ತಿ ಕಡಿಮೆ ಇರುತ್ತದೆ, ಅಂಥವರಿಗೆ ಸಣ್ಣ ಗಾಯವೂ ಸುಮ್ಮನೆ ಬಿಡುವುದಿಲ್ಲ. ನಮ್ಮ ಮಗಳು ಯಾವ ಪೈಕಿ ಎಂದು ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಬಸ್ಸು ಹತ್ತುವ ದಿನ ನೀನು ಇದನ್ನೇ ಕೇಳಿದ್ದೆ. ಹೆಣ್ಮಕ್ಕಳಿಗೆ ಇದು ಬರಲ್ಲ ಎಂದಿದ್ದೆ ನಾನು. ನಾಲ್ಕು ಜನ ಹೇಳುವುದನ್ನೇ ನಾನೂ ಹೇಳಿದೆ, ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳನ್ನು ರಕ್ತಪರೀಕ್ಷೆಗೆ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಬಾ. ಐವರೂ ಸೇರಿ ಯೋಜನೆಯನ್ನು ಹೊಸದಾಗಿ ಬರೆದಿದ್ದಾರೆ, ಮೊದಲ ಸಾಲಿನಲ್ಲೇ ಪಲ್ಲವಿ ಇದ್ದಾಳೆ. ಸ್ವಾತಿ ಗೇಟಿನ ಹತ್ತಿರ ನಿಂತಿರುತ್ತಾಳೆ. ನನ್ನ ಜೊತೆ ನೀನು ಮಾತಾಡಬೇಕಾಗಿಲ್ಲ. ಫಲಿತಾಂಶ ಬಂದ ಮೇಲೆ, ಮೇಡಂ ಹೂಂ ಅಂದರೆ ಕಿವಿ ಚುಚ್ಚಿಸೋಣ, ಓಲೆ ನಾನೇ ತರುತ್ತೇನೆ. ಶನಿವಾರ ನೀವು ಬರದಿದ್ದರೆ ಭಾನುವಾರ ಮೊದಲ ಬಸ್ಸಿಗೆ ನಾನೇ ಹಿರಿಯೂರಿಗೆ ಬರುತ್ತೇನೆ. ನಿಮ್ಮಪ್ಪನ ಎದುರಿಗೆ, ಬಂದ ನೆಂಟರ ಎದುರಿಗೆ, ನನಗಿರುವ ಕಾಯಿಲೆಯ ಹೆಸರು ಹೇಳುತ್ತೇನೆ. ಬೈದರೆ ಬೈಯಲಿ, ಬಾಗಿಲು ಹಾಕಿದರೆ ಹಾಕಲಿ, ಹೊರಗೆ ನಿಂತೇ ಹೇಳುತ್ತೇನೆ.

ಅವ್ವ ನಾಳೆ ಅಲ್ಲಿಗೆ ಬರುತ್ತಾಳೆ, ಅವಳ ಕೈಯಲ್ಲೇ ಈ ಪತ್ರ ಮತ್ತು ಲಂಗ ಕಳಿಸುತ್ತಿದ್ದೇನೆ. ಅಂಚು ಒಳಗೆ ಜಾಸ್ತಿ ಬಿಟ್ಟಿದ್ದೇನೆ, ಎರಡು ವರ್ಷ ಬಿಚ್ಚಿ ಬಿಚ್ಚಿ ಉದ್ದ ಮಾಡಬಹುದು.

ಪಲ್ಲವಿಯ ಅಪ್ಪ,
ಕೊಟ್ರೇಶ್

ತಾ.ಕ.: ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಆ ಸಾಲಿಗೆ ಗೀಟು ಹೊಡೆಯಬಹುದಿತ್ತು. ನಾನು ಹೇಗೆ ಸುಳ್ಳು ಹೇಳುತ್ತೇನೆ ಎಂದು ನೀನು ನೋಡಲಿ ಎಂದು ಹಾಗೇ ಬಿಟ್ಟಿದ್ದೇನೆ. ನೀನು ಮನೆ ಬಿಡುವುದಕ್ಕೆ ಎರಡು ತಿಂಗಳು ಮುಂಚೆ ಮತ್ತೋಡಿಗೆ ಮದುವೆಗೆ ಹೋಗಿದ್ದೆಯಲ್ಲ, ಆವತ್ತು ಪಲ್ಲವಿಯ ಮೊದಲ ಹಲ್ಲು ಬಿತ್ತು. ಬೆಳಿಗ್ಗೆ ಬಿದ್ದ ಹಲ್ಲಿನ ರಕ್ತ ಸಂಜೆಯಾದರೂ ನಿಲ್ಲಲಿಲ್ಲ. ಬಟ್ಟೆ ಒತ್ತಿ ಹಿಡಿದುಕೊಂಡು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಅವಳಿಗೂ ಇದು ಬಂದಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಕಳೆದುಹೋಯಿತು ಎಂದು ನೀನು ಹುಡುಕಿದ ಹಳದಿ ಫ್ರಾಕು ಆವತ್ತು ರಕ್ತವಾಗಿತ್ತು, ಅದನ್ನು ಒಲೆಗೆ ಹಾಕಿದ್ದು ನಾನು. ಅಮ್ಮನಿಗೆ ಹೇಳಬೇಡ ಎಂದು ಮಗಳ ಕೈಯಲ್ಲಿ ಆಣೆ ಹಾಕಿಸಿದ್ದೆ. ಅವಳು ಇನ್ನೂ ಹೇಳಿಲ್ಲ ಅನಿಸುತ್ತದೆ. ಆ ಆಣೆ ಮುಗಿಯಿತಂತೆ ಎಂದು ಹೇಳಿ, ಅವಳನ್ನೇ ಕೇಳು.